ಭಾವುಸಾಹೇಬರ ದಂಡು

ನಮ್ಮ ಚಿಕ್ಕಪಡಸಲಗಿಯ ಹಿರಿಯರ ಬಾಯಲ್ಲಿ ‘ಸಂಸ್ಥಾನದ ಕಾಲ’ ಎಂದರೆ ಜಮಖಂಡಿಯ ಪಟವರ್ಧನರ ಕಾಲ. ಆ ಮನೆತನದಲ್ಲಿ ಪರಶುರಾಮಭಾವು ಎಂಬ ಹೆಸರಿನವರು ಒಬ್ಬರೇ ಅಲ್ಲ. ಪುಣೆಯ ಎಸ್.ಪಿ. ಕಾಲೇಜಿಗೆ ಹೆಸರಾದವರು ಕಡೆಯ ರಾಜ ಶಂಕರರಾಯರ ತಂದೆ. ಇತಿಹಾಸದ ಮಾಸ್ತರನಾಗಿ ನಾನು ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದದ್ದು ಇನ್ನೊಬ್ಬರ ಕತೆ: ಅವರಿಗಿಂತ ಶತಮಾನಕ್ಕೂ ಹಿಂದೆ, ತಾಸಗಾಂವದಿಂದ ಹೊರಟು ಪೇಶ್ವೆಯ ದಂಡು ನಡೆಸಿದ ಭಾವುಸಾಹೇಬರದು. ಜಮಖಂಡಿ ಗಾದಿಯ ಮೇಲೆ ಅವರು ಕೂತವರೇ ಅಲ್ಲ.

ಧಾರವಾಡದ ಮುತ್ತಿಗೆಯೊಂದೇ ನನಗೆ ಒಂದು ತಾಸಿನ ಪಾಠ. 1790ರಲ್ಲಿ ಪೇಶ್ವೆ, ನಿಜಾಮ, ಇಂಗ್ಲಿಷರು ಕೂಡಿ ಟಿಪ್ಪುವಿನ ಮೇಲೆ ಏರಿ ಹೋದಾಗ ಭಾವು ಆ ಕೋಟೆಯ ಮುಂದೆ ಡೇರೆ ಹಾಕಿದರು. ಒಳಗೆ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಹೊರಗೆ ಭಾವು, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ಪಡೆ. ಆ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಮರಾಠಾ ಗೋಲಂದಾಜರನ್ನು ಗೇಲಿ ಮಾಡಿದ್ದಾನೆ: ತೋಪಿಗೆ ಮದ್ದು ತುಂಬಿ, ಅರ್ಧ ತಾಸು ಹೊಗೆ ಸೇದುತ್ತ ಹರಟಿ, ಒಂದು ಗುಂಡು ಹಾರಿಸಿ, ಮತ್ತೆ ಹರಟೆಗೆ ಕೂಡುತ್ತಿದ್ದರಂತೆ. ಮಧ್ಯಾಹ್ನ ಎರಡೂ ಕಡೆಯವರು ಊಟಕ್ಕೆಂದು ಕಾದಾಟವನ್ನೇ ನಿಲ್ಲಿಸುತ್ತಿದ್ದರಂತೆ. ನಗಲಿ ಬಿಡಿ, ನುಗ್ಗಿ ಹೋದ ಇಂಗ್ಲಿಷರಿಗೂ ಆ ಕೋಟೆ ದಕ್ಕಲಿಲ್ಲ. ಅದು ಕೈಸೇರಿದ್ದು 1791ರ ಏಪ್ರಿಲ್‌ನಲ್ಲಿ, ಸುಮಾರು ಆರು ತಿಂಗಳು ಕಾದ ಮೇಲೆ.

ಮುಂದಿನ ತಿಂಗಳು ಶ್ರೀರಂಗಪಟ್ಟಣದ ಹತ್ತಿರ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ಎತ್ತುಗಳು ಸತ್ತು, ಸೈನ್ಯ ಹಸಿದು, ಅವನು ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗುತ್ತಿದ್ದ. ಎದುರು ಬಂದ ಸವಾರರನ್ನು ಕಂಡು ಇಂಗ್ಲಿಷರು ಶತ್ರುವೆಂದೇ ಎಣಿಸಿದರು. ಬಂದದ್ದು ಭಾವು ಮತ್ತು ಪೇಶ್ವೆಯ ಇನ್ನೊಬ್ಬ ಸರದಾರ ಹರಿಪಂತ ಫಡಕೆಯ ದಂಡು. ಅದರ ಜೊತೆ ದೊಡ್ಡ ಬಜಾರವೂ ನಡೆದು ಬಂದಿತ್ತು. ಇಂಗ್ಲಿಷರು ದುಬಾರಿ ದರ ಕೊಟ್ಟು ಕಾಳು ಕೊಂಡರು. ಭಾವುವಿನ ನಿಜವಾದ ಬಲ ಈ ಬಜಾರದಲ್ಲಿತ್ತೆಂದು ನಾನು ತಿಳಿದಿದ್ದೇನೆ.

ದಂಡಿನ ಹಿಂದೆ ಲೂಟಿಯೂ ಇತ್ತು. ಅದೇ ವರ್ಷ ಪಟವರ್ಧನರ ಪಡೆಯ ಪಿಂಡಾರಿಗಳು ಶೃಂಗೇರಿ ಮಠವನ್ನು ದೋಚಿದರು. ಶಾರದೆಯ ಮರುಪ್ರತಿಷ್ಠೆಗೆ ನೆರವು ಕಳಿಸಿದವನು ಟಿಪ್ಪು. ಈ ಪಾಠ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಕಿವಿ ನಿಮಿರಿಸುತ್ತಿದ್ದರು. ಮುಚ್ಚಿಟ್ಟು ಕಲಿಸಲು ನನಗೆ ಮನಸ್ಸಾಗಲಿಲ್ಲ.

1795ರಲ್ಲಿ ಖರ್ಡಾದಲ್ಲಿ ನಿಜಾಮನ ಮೇಲೆ ಗೆಲುವು. ಮರುವರ್ಷವೇ ಪುಣೆಯ ಗಾದಿ ಜಗಳದಲ್ಲಿ ಸಿಕ್ಕಿ ಸೆರೆವಾಸ. ಬಿಡುಗಡೆಯಾದ ಭಾವು 1799ರ ಸೆಪ್ಟೆಂಬರ್‌ನಲ್ಲಿ ಸತ್ತದ್ದು ಟಿಪ್ಪುವಿನ ಮೇಲಿನ ಯುದ್ಧದಲ್ಲಲ್ಲ, ನಿಪ್ಪಾಣಿ ಕಡೆಯ ಪಟ್ಟಣಕುಡಿಯಲ್ಲಿ, ಕೊಲ್ಹಾಪುರದ ಮರಾಠರ ಕೈಯಲ್ಲೇ. 1811ರಲ್ಲಿ ಭಾವುವಿನ ಮಕ್ಕಳು ಪಾಲಾದಾಗ ತಾಸಗಾಂವ ಗಣಪತರಾಯರಿಗೆ, ಜಮಖಂಡಿ ರಾಮಚಂದ್ರರಾಯರಿಗೆ ಬಂತು. ತಾಸಗಾಂವ 1848ರಲ್ಲಿ ವಾರಸುದಾರರಿಲ್ಲದೆ ಕಂಪನಿಯ ಪಾಲಾಯಿತು. ಜಮಖಂಡಿ ಮಾತ್ರ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಪಟವರ್ಧನರದೇ ಆಗಿತ್ತು.