ಜಾಹೀರಾತಿನ ಸುಂಕದ ಕಟ್ಟೆ

ಕಳೆದ ಭಾನುವಾರ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಹೊಟ್ಟೆಪಾಡಿಗೆ ಬ್ಯಾಂಕಿನ ಕೆಲಸ; ಉಳಿದ ವೇಳೆಯಲ್ಲಿ ಒಂದು ಜಾಲತಾಣ ನಡೆಸುತ್ತಾನೆ. ಸಣ್ಣಕಥೆ, ಹರಟೆ, ಒಂದು ಧಾರಾವಾಹಿ, ಇಷ್ಟೇ ಅದರ ಸರಕು. ಕಾಫಿ ಮುಗಿಯುವ ಮೊದಲೇ ಜೇಬಿನಿಂದ ಫೋನು ತೆಗೆದು, “ಸಾರ್, ಇದನ್ನೊಂದು ನೋಡಿ ಹೇಳಿ” ಎಂದ. ಜಾಹೀರಾತು ಒದಗಿಸುವ ಕಂಪನಿಯೊಂದರ ಪತ್ರ. ಓದುಗ ಒಂದು ಪುಟ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಡುವೆ ಪರದೆ ತುಂಬ ಒಂದು ಜಾಹೀರಾತು ಬರುತ್ತದೆಯಂತೆ. ಅದನ್ನು ಮುಚ್ಚಿದರೆ ಮುಂದಿನ ಪುಟ. ಪುಟದ ಅಂಚಿನ ಪಟ್ಟಿ ಜಾಹೀರಾತಿಗಿಂತ ಇದಕ್ಕೆ ಹಣ ಹೆಚ್ಚು. ಒಪ್ಪುವುದೋ ಬಿಡುವುದೋ ಎಂಬುದು ಅವನ ಪ್ರಶ್ನೆ.

ಕನ್ನಡ ಪಾಠ ಹೇಳುವವನನ್ನು ಕೇಳುವ ಮಾತೇ ಇದು, ಎಂದು ಮೊದಲು ನಗು ಬಂದಿತು. ಆದರೆ ಹಳೆಯ ಪತ್ರಿಕೆಗಳ ಧೂಳು ಕುಡಿದು ಅಷ್ಟಿಷ್ಟು ಕಾಲ ಕಳೆದಿರುವ ನನಗೆ ಪ್ರಶ್ನೆಯೇನೂ ಹೊಸದಾಗಿ ಕಾಣಲಿಲ್ಲ. ಜಾಹೀರಾತು ಹೊಸ ವೇಷ ತೊಟ್ಟು ಬಂದಾಗಲೆಲ್ಲ ಪತ್ರಿಕೆಯ ಒಡೆಯನು ಹೊಸಲಿನ ಮೇಲೆ ನಿಂತು ಇದೇ ಲೆಕ್ಕ ಹಾಕಿದ್ದಾನೆ.

ಪತ್ರಿಕೆಗೂ ಜಾಹೀರಾತಿಗೂ ಹುಟ್ಟಿನಿಂದಲೇ ನೆಂಟು. 1780ರ ಜನವರಿಯಲ್ಲಿ ಹಿಕ್ಕಿ ಎಂಬಾತ ಕಲ್ಕತ್ತೆಯಲ್ಲಿ ಹೊರಡಿಸಿದ, ಭಾರತದ ಮೊದಲನೆಯದೆನಿಸಿದ ಪತ್ರಿಕೆಯು ತನ್ನ ಹೆಸರಿನಲ್ಲಿಯೇ ‘ಅಡ್ವರ್ಟೈಸರ್’ ಎಂಬ ಮಾತನ್ನು ಹೊತ್ತಿತ್ತು. ಮದರಾಸಿನ ‘ಹಿಂದೂ’ ಪತ್ರಿಕೆಯ ಮುಖಪುಟದಲ್ಲಿ 1958ರವರೆಗೆ ಜಾಹೀರಾತುಗಳೇ ಇದ್ದುವು. ಲಂಡನ್ನಿನ ‘ಟೈಮ್ಸ್’ ತನ್ನ ಮುಖಪುಟವನ್ನು ಸುದ್ದಿಗೆ ಬಿಟ್ಟುಕೊಟ್ಟದ್ದು 1966ರ ಮೇ ತಿಂಗಳಲ್ಲಿ. ಅದರಿಂದ ಓದುಗನಿಗೆ ಕಷ್ಟವೇನಾಗಲಿಲ್ಲ. ಹಾಳೆ ಅವನ ಕೈಯಲ್ಲಿತ್ತು, ಬೇಡವೆಂದರೆ ಮಗುಚಿದ.

ಹೊಸ ಮಾದರಿಯನ್ನು ಹಟ ಹಿಡಿದು ಬೇಡವೆಂದವರೂ ಉಂಟು. ಅವರಲ್ಲಿ ನನಗೆ ಬಹಳ ಪ್ರಿಯನಾದವನು ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯನ್ನು 1835ರಲ್ಲಿ ಸ್ಥಾಪಿಸಿದ ಜೇಮ್ಸ್ ಗಾರ್ಡನ್ ಬೆನೆಟ್. ಜಾಹೀರಾತಿನವರು ದೊಡ್ಡ ಅಕ್ಷರ, ಚಿತ್ರ, ಅಲಂಕಾರ ಬೇಕೆಂದು ಕೇಳಲಾರಂಭಿಸಿದಾಗ ಈತ ಖಡಾಖಂಡಿತವಾಗಿ ಒಲ್ಲೆನೆಂದ. ಎಲ್ಲರಿಗೂ ಒಂದೇ ಸಣ್ಣ ಅಕ್ಷರ. ಹೇಳುವ ಮಾತಿನಲ್ಲಿ ಸತ್ತ್ವವಿದ್ದರೆ ಗಿರಾಕಿ ಬರಲಿ. ಅಕ್ಷರದ ಗಾತ್ರದಿಂದ ಬೇಡ, ಎಂಬುದು ಅವನ ನಿಲುವು. ಸಾಹುಕಾರನ ದಪ್ಪಕ್ಷರದ ಕೆಳಗೆ ಬಡ ಅಂಗಡಿಯವನ ನಾಲ್ಕು ಸಾಲು ಮುಚ್ಚಿಹೋಗದಿರಲೆಂಬ ನ್ಯಾಯವೂ ಅದರಲ್ಲಿತ್ತು. ಜಾಹೀರಾತಿನವರು ಸುಮ್ಮನಿದ್ದರೆ? ರಾಬರ್ಟ್ ಬಾನರ್ ಎಂಬ ಪ್ರಕಾಶಕ ಒಂದೇ ವಾಕ್ಯವನ್ನು ಅದೇ ಸಣ್ಣ ಅಕ್ಷರದಲ್ಲಿ ಅಂಕಣದ ಉದ್ದಕ್ಕೂ ಮತ್ತೆ ಮತ್ತೆ ಅಚ್ಚು ಹಾಕಿಸಿದ. ನಿಯಮ ಮುರಿಯಲಿಲ್ಲ, ಕಣ್ಣಿಗೆ ಬೀಳದೆಯೂ ಇರಲಿಲ್ಲ. ಪುಟದ ಒಡೆಯ ಬೇಲಿ ಹಾಕಿದರೆ ಜಾಹೀರಾತಿನವನು ಕಂಡಿ ಹುಡುಕುವುದು ಅಂದಿನಿಂದಲೂ ನಡೆದುಬಂದಿದೆ.

ಇನ್ನು ಜಾಲತಾಣದ ಕಥೆ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ವೈರ್ಡ್’ ಪತ್ರಿಕೆಯವರು ‘ಹಾಟ್‌ವೈರ್ಡ್’ ಎಂಬ ತಾಣ ತೆರೆದರು. ಬರೆಯುವವರಿಗೆ ಸಂಬಳ ಕೊಡಬೇಕು, ಓದುವವರು ಕಾಸು ಬಿಚ್ಚುವುದಿಲ್ಲ. ಆದ್ದರಿಂದ ಪುಟದ ಮೇಲೆ ಉದ್ದನೆಯ ಪಟ್ಟಿಯೊಂದನ್ನು ಮಾರಿದರು. ಅಗಲ 468 ಚುಕ್ಕಿ, ಎತ್ತರ 60. ಕೊಂಡವರಲ್ಲಿ ದೂರವಾಣಿಯ ಎ.ಟಿ. ಅಂಡ್ ಟಿ. ಕಂಪನಿಯದು ಹೆಸರಾಯಿತು. ಇಲ್ಲಿ ಎಂದಾದರೂ ಒತ್ತಿದ್ದೀರಾ, ಒತ್ತುವಿರಿ, ಎಂಬರ್ಥದ ಮಾತು ಅದರ ಮೇಲಿತ್ತು. ಒತ್ತಿದವರನ್ನು ಅದು ಲೋಕದ ಕಲಾಸಂಗ್ರಹಾಲಯಗಳ ಕಡೆಗೆ ಕರೆದೊಯ್ದಿತು. ನೋಡಿದ 100 ಜನರಲ್ಲಿ 44 ಜನ ಒತ್ತಿದರೆಂದು ಪ್ರತೀತಿ. ಇಂದು ಅಂಥ ಪಟ್ಟಿಗಳಿಗೆ ನೂರಕ್ಕೆ ಒಬ್ಬನೂ ಸಿಕ್ಕುವುದಿಲ್ಲ.

ಆ ಸಂಭ್ರಮದಲ್ಲಿ ಒಂದು ಸಂಗತಿ ಯಾರ ಗಮನಕ್ಕೂ ಬಂದಂತಿಲ್ಲ. ಪತ್ರಿಕೆಯ ಜಾಹೀರಾತು ಗೋಡೆಯ ಮೇಲಿನ ಪಟವಿದ್ದಂತೆ; ನೋಡಿದವನು ಮನೆಯೊಳಗೇ ಇರುತ್ತಾನೆ. ಜಾಲತಾಣದ ಪಟ್ಟಿಯೋ ಗೋಡೆಯಲ್ಲಿ ಕೊರೆದ ಬಾಗಿಲು. ಅದರ ಗೆಲುವೆಂದರೆ ಅತಿಥಿ ಎದ್ದು ಹೊರಟುಹೋಗುವುದು. ಸಾಹಸಪಟ್ಟು ಓದುಗನನ್ನು ಕರೆತಂದ ಪ್ರಕಾಶಕ ಅವನ ನಿರ್ಗಮನವನ್ನೇ ಮಾರಾಟಕ್ಕಿಟ್ಟ ಹಾಗಾಯಿತು.

1996ರಲ್ಲಿ ಇನ್ನೊಂದು ತಿರುವು. ಸಾಬೂನು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ಯಾಹೂ ತಾಣಕ್ಕೆ, ತೋರಿಸಿದ್ದಕ್ಕೆ ಹಣ ಕೊಡೆವು, ಒತ್ತಿದ್ದಕ್ಕೆ ಮಾತ್ರ ಕೊಡುವೆವು ಎಂದು ಕರಾರು ಹಾಕಿತು. ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಜಾಹೀರಾತು ಪೆದ್ದುಪೆದ್ದಾಗಿದ್ದು ಯಾರೂ ಒತ್ತದಿದ್ದರೆ ನಷ್ಟ ಯಾರಿಗೆ? ಬರೆದವನಿಗಲ್ಲ, ಬರೆಸಿದವನಿಗಲ್ಲ, ಜಾಗ ಕೊಟ್ಟವನಿಗೆ.

ಮರುವರ್ಷದ ಸುಮಾರಿಗೆ, ತೆರೆದ ಪುಟದ ಮೇಲೆ ದಿಢೀರೆಂದು ಎದ್ದುನಿಲ್ಲುವ ಕಿಟಕಿ ಬಂದಿತು. ಅದನ್ನು ಬರೆದ ಈಥನ್ ಝುಕರ್‌ಮನ್ ಆಗ ‘ಟ್ರೈಪಾಡ್’ ಎಂಬ ತಾಣದಲ್ಲಿದ್ದರು. ಕಾರು ಕಂಪನಿಯೊಂದರ ಜಾಹೀರಾತು ಸಭ್ಯವಲ್ಲದ ಪುಟದಲ್ಲಿ ಕಾಣಿಸಿಕೊಂಡು ಕಂಪನಿಯವರು ಸಿಟ್ಟಾದರು. ಪುಟಕ್ಕೂ ಜಾಹೀರಾತಿಗೂ ಸಂಬಂಧ ಕಾಣದಿರಲೆಂದು ಅದನ್ನು ಬೇರೆ ಕಿಟಕಿಯಲ್ಲಿಟ್ಟರು. ಗಮನಿಸಬೇಕಾದುದು ಇದು: ಈ ಮಾದರಿ ಹುಟ್ಟಿದ್ದು ಜಾಹೀರಾತಿನವನ ಮಾನ ಕಾಯಲು. ಓದುಗನ ಯೋಚನೆ ಅಲ್ಲಿ ಸುಳಿಯಲೇ ಇಲ್ಲ. ಓದುಗ ತನ್ನ ಉತ್ತರವನ್ನು ಬೇರೆ ದಾರಿಯಲ್ಲಿ ಕೊಟ್ಟ. 2004ರಲ್ಲಿ ಮೈಕ್ರೋಸಾಫ್ಟಿನವರ ಬ್ರೌಸರೇ ಇಂಥ ಕಿಟಕಿಗಳನ್ನು ತಡೆಯತೊಡಗಿತು. 2014ರಲ್ಲಿ ಝುಕರ್‌ಮನ್ ಬಹಿರಂಗವಾಗಿ ಕ್ಷಮೆ ಕೇಳಿದರು. ತಪ್ಪೊಪ್ಪಿಕೊಳ್ಳುವ ಯಂತ್ರಕರ್ತರು ವಿರಳ. ಅವರಲ್ಲಿ ನನಗೆ ಗೌರವವಿದೆ.

2003ರ ಜೂನಿನಲ್ಲಿ ಗೂಗಲ್‌ನ ‘ಆಡ್‌ಸೆನ್ಸ್’ ಬಂದಿತು. ಪುಟದ ವಿಷಯವನ್ನು ತಾನೇ ಓದಿಕೊಂಡು ಅದಕ್ಕೊಪ್ಪುವ ನಾಲ್ಕು ಸಾಲಿನ ಜಾಹೀರಾತು ಹಾಕುವ ಏರ್ಪಾಡು. ಅಬ್ಬರವಿಲ್ಲ, ಬೆನೆಟ್ ನೋಡಿದ್ದರೆ ಮೆಚ್ಚುತ್ತಿದ್ದನೇನೋ! ಜಾಹೀರಾತಿಗಾಗಿ ಯಾರ ಬಾಗಿಲಿಗೂ ಅಲೆಯಲಾರದ ಸಣ್ಣ ತಾಣದವನಿಗೆ ಅದರಿಂದ ನಿಜವಾಗಿ ಉಪಕಾರವಾಯಿತು. ಆದರೆ ಗಳಿಕೆಯಲ್ಲಿ ತನ್ನ ಪಾಲೆಷ್ಟೆಂಬುದನ್ನು ಮಾತ್ರ ಪ್ರಕಾಶಕ ಏಳು ವರ್ಷ ತಿಳಿಯಲಿಲ್ಲ. ಪುಟದಲ್ಲಿ ಜಾಹೀರಾತು ಹಾಕಿದವನಿಗೆ 100ಕ್ಕೆ 68 ಎಂದು ಕಂಪನಿ ಬಾಯಿಬಿಟ್ಟದ್ದು 2010ರಲ್ಲಿ. ಹೊಲ ಗುತ್ತಿಗೆಗೆ ಕೊಡುವ ನಮ್ಮ ರೈತನೂ ಇಷ್ಟು ನಂಬಿ ಕೂರಲಾರ. 2023ರ ನವೆಂಬರಿನಲ್ಲಿ, ಇನ್ನು ಮುಂದೆ ಒತ್ತಿದ್ದಕ್ಕಲ್ಲ, ತೋರಿಸಿದ್ದಕ್ಕೆ ಹಣ ಎಂದು ಅದೇ ಕಂಪನಿ ಸಾರಿತು. 1994ರಲ್ಲಿ ಬಿಟ್ಟ ಗಾಡಿ ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದಿತು.

ಕನ್ನಡದ ಪುಟಗಳಿಗೆ ಈ ಬಾಗಿಲು ತೆರೆದದ್ದು ತಡವಾಗಿ. ಹಿಂದಿಗೆ 2014ರ ಕೊನೆಯಲ್ಲಿ ಪ್ರವೇಶ ಸಿಕ್ಕಿತು. ನಾವು ಇನ್ನೂ ಕೆಲವು ವರ್ಷ ಕಾದೆವು. ನನ್ನ ಶಿಷ್ಯನೂ ಅಷ್ಟು ದಿನ ಕೈಯಿಂದಲೇ ಖರ್ಚು ಹಾಕಿಕೊಂಡವನು. ಹಣ ಹೆಚ್ಚು ಬರುತ್ತದೆಂದರೆ ಅವನ ಕಣ್ಣು ಅರಳುವುದನ್ನು ದುರಾಸೆಯೆಂದು ನಾನು ಹೇಳಲಾರೆ. ಪ್ರಕಾಶಕನಾದವನು ಉಪವಾಸವಿರಬೇಕೆಂಬ ವ್ರತವೇನಾದರೂ ಇದೆಯೆ?

ಆದುದರಿಂದ ಅವನನ್ನು ಒಂದೇ ಮಾತು ಕೇಳಿದೆ: “ನಿನ್ನ ತಾಣಕ್ಕೆ ಬರುವವರಲ್ಲಿ ಎರಡನೆಯ ಪುಟಕ್ಕೆ ಹೋಗುವವರು ಯಾರಪ್ಪ?”

ಅವನು ಸ್ವಲ್ಪ ಯೋಚಿಸಿದ. “ಹೆಚ್ಚಿನವರು ಯಾರೋ ಕಳಿಸಿದ ಕೊಂಡಿ ಒತ್ತಿ ಬಂದು, ಒಂದನ್ನು ಓದಿ ಹೋಗಿಬಿಡ್ತಾರೆ ಸಾರ್. ಮುಂದಕ್ಕೆ ಹೋಗೋರು ಅಂದರೆ ಧಾರಾವಾಹಿಯವರು. ಮೊದಲಿನಿಂದಲೂ ಬರ್ತಿರೋರು.”

“ಹಾಗಾದರೆ ಈ ಸುಂಕದ ಕಟ್ಟೆ ಯಾರ ದಾರಿಯಲ್ಲಿ ಎದ್ದಿತು?”

ಅವನು ಫೋನನ್ನು ಕೆಳಗಿಟ್ಟ. ಇಣುಕಿ ಹೋಗುವವನಿಗೆ ಈ ಜಾಹೀರಾತು ಕಾಣುವುದೇ ಇಲ್ಲ. ಕಂತಿನಿಂದ ಕಂತಿಗೆ ಬರುವ ನಚ್ಚಿನ ಓದುಗನೇ ಪ್ರತಿ ಹೆಜ್ಜೆಗೂ ತೆರಬೇಕು. ಹವಾಮಾನ, ಕ್ರಿಕೆಟ್ಟಿನ ಅಂಕಿ ಕೊಡುವ ತಾಣಕ್ಕೆ ಇದು ಒಗ್ಗೀತು. ಅಲ್ಲಿಗೆ ಬರುವವನು ಬೇಕಾದ್ದನ್ನು ಪಡೆಯದೆ ಹೋಗುವುದಿಲ್ಲ. ಕಥೆಯ ತಾಣಕ್ಕೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ಕಥೆ ಮುಗಿದ ಮೇಲೆ, ಓದುಗ ಉಸಿರು ಬಿಡುವ ಜಾಗದಲ್ಲಿ, ಒಂದು ಪೆಟ್ಟಿಗೆ ಕಟ್ಟಿ ಜಾಹೀರಾತು ಹಾಕು ಎಂದೆ.

“ಅದಕ್ಕೆ ದುಡ್ಡು ಕಡಿಮೆ ಸಾರ್” ಎಂದ.

“ಎಷ್ಟು ಕಡಿಮೆ?”

“ತಾಣದ ಬಾಡಿಗೆ ಬರುವ ತಿಂಗಳು ಕಟ್ಟಬೇಕು. ಅದಕ್ಕೆ ಸಾಲದಷ್ಟು.”

ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇನ್ನೊಂದು ಲೋಟ ಕಾಫಿ ಬಂದಿತು. ಹೊರಡುವಾಗ, ಧಾರಾವಾಹಿಯನ್ನು ಬಿಟ್ಟು ಉಳಿದ ಪುಟಗಳಲ್ಲಿ ಮಾತ್ರ ಒಂದು ತಿಂಗಳು ಹಾಕಿ ನೋಡಲು ಕಂಪನಿಯವರು ಒಪ್ಪುತ್ತಾರೋ ಕೇಳುತ್ತೇನೆಂದು ಹೇಳಿಹೋದ. ಅವರ ಉತ್ತರ ಇನ್ನೂ ಬಂದಿಲ್ಲ.