ಜ್ವರಗಡ್ಡೆ ಮತ್ತು ದೊಡ್ಡಮ್ಮನ ಸ್ಕ್ಯಾನ್ ರಿಪೋರ್ಟು

ನ್ಯಾಮತಿಯ ದೊಡ್ಡಮ್ಮನಿಗೆ ಕಿಡ್ನಿಯಲ್ಲಿ ಕಲ್ಲಿರಬಹುದು ಅಂತ ಸ್ಕ್ಯಾನ್ ಮಾಡಿಸಿದ್ವಿ. ಕಲ್ಲು ಸಿಗಲಿಲ್ಲ, ಗುಲ್ಮದಲ್ಲಿ ನೀರುಗುಳ್ಳೆಗಳು ಸಿಕ್ಕವು! 'ಲಿಂಫಾಂಜಿಯೋಮಾ ಇರಬಹುದು' ಅಂತ ರಿಪೋರ್ಟು. "ಜ್ವರಗಡ್ಡೆ ಏನೋ ಅದು?" ಅಂದರು ದೊಡ್ಡಮ್ಮ. ಆ ಪದ ಹಿಡಿದು ಒಂದಿಷ್ಟು ಚರಿತ್ರೆ ಓದಿದೆ, ನಿಮಗೂ ಹೇಳೋಣ ಅನ್ನಿಸ್ತು.

ಮಲೇರಿಯಾ ಪದೇ ಪದೇ ಬಂದರೆ ಗುಲ್ಮ ಊದಿ ಎಡಪಕ್ಕೆಯ ಕೆಳಗೆ ಕೈಗೆ ಸಿಗುತ್ತೆ. ಅದೇ ಜ್ವರಗಡ್ಡೆ. 1840ರ ದಶಕದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಯಮುನಾ ಕಾಲುವೆಯ ಊರುಗಳಲ್ಲಿ ಗುಲ್ಮ ಊದಿದವರನ್ನು ಎಣಿಸಿ ಊರಿನ ಜ್ವರ ಅಳೆದಿದ್ದ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಗುಟ್ಟು ಕಂಡಿದ್ದು 1897ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಬೆರಳೇ ಸ್ಕ್ಯಾನರ್.

ಆದರೆ ಗಡ್ಡೆಯೊಳಗೆ ಏನಿದೆ ಅಂತ ಬೆರಳಿಗೆ ತಿಳಿಯಲ್ಲ. ದುಗ್ಧರಸದ ನಾಳಗಳು ಹುಟ್ಟಿನಿಂದಲೇ ಸರಿಯಾಗಿ ಕೂಡಿಕೊಳ್ಳದೆ ಹಿಗ್ಗಿದರೆ ಈ ಗುಳ್ಳೆಗಳಾಗುತ್ತವಂತೆ. ಕ್ಯಾನ್ಸರ್ ಅಲ್ಲ. ಗುಲ್ಮದಲ್ಲಿ ಇದನ್ನು ಮೊದಲು ವರ್ಣಿಸಿದವನು ಫಿಂಕ್, 1885ರಲ್ಲಿ. ಆಗೆಲ್ಲ ಹೊಟ್ಟೆ ಕುಯ್ದ ಮೇಲೇ ಗೊತ್ತಾಗುತ್ತಿತ್ತು.

1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಚಿತ್ರ ಪ್ರಕಟಿಸಿದ. ಕ್ಯಾನ್ಸರ್ ಅಂತ ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿದ್ದದ್ದು ಬರೀ ಅಂಡಾಶಯದ ನೀರುಗುಳ್ಳೆ ಅಂತ ಆ ಯಂತ್ರ ತೋರಿಸಿತ್ತು. 1971ರಲ್ಲಿ ಹೌನ್ಸ್‌ಫೀಲ್ಡ್‌ನ ಸಿಟಿ ಸ್ಕ್ಯಾನ್ ಬಂತು. ಅಲ್ಟ್ರಾಸೌಂಡ್‌ನಲ್ಲಿ ಈ ಗುಳ್ಳೆ ಕಪ್ಪಗೆ, ನಡುವೆ ತೆಳ್ಳನೆ ಗೋಡೆಗಳು. ಸಿಟಿಯಲ್ಲಿ ಹೆಚ್ಚಾಗಿ ಗುಲ್ಮದ ಹೊರಪೊರೆಯ ಅಡಿಯಲ್ಲೇ ಕಾಣುತ್ತೆ. ಬಣ್ಣದ ಔಷಧಿ ಚುಚ್ಚಿದರೂ ಗುಳ್ಳೆಯೊಳಗಿನ ನೀರು ಬೆಳಗಲ್ಲ. ಎಂಆರ್‌ಐನ ಟಿ2 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತೆ.

ಡಾಕ್ಟರು ದೊಡ್ಡಮ್ಮನನ್ನು ಕೇಳಿದ್ದು ಮಾತ್ರ ಬೇರೆ: "ಮನೇಲಿ ಕುರಿ, ನಾಯಿ ಇದಾವಾ?" ತವರು ಜಗಳೂರು, ಕುರಿ ಕಾಯ್ದು ಬೆಳೆದವರು. ನಾಯಿ-ಕುರಿಗಳ ನಡುವೆ ಸುತ್ತುವ ಹುಳದಿಂದ ಹೈಡಾಟಿಡ್ ಗುಳ್ಳೆ ಬರುತ್ತೆ, ಗುಲ್ಮದಲ್ಲೂ ಬರಬಹುದು. ಅದು ಒಡೆದರೆ ಜೀವಕ್ಕೇ ಅಪಾಯ. ಅದಕ್ಕೇ ಗುಳ್ಳೆ ಕಂಡ ಕೂಡಲೇ ಸೂಜಿ ಹಾಕಬಾರದು. ದೊಡ್ಡಮ್ಮನ ರಕ್ತಪರೀಕ್ಷೆ, ಸಿಟಿ ಎರಡೂ ಆಯ್ತು; ಹೈಡಾಟಿಡ್‌ನ ಗುರುತು ಕಾಣಲಿಲ್ಲ.

"ತೆಗೆಸಿಬಿಡಿ, ಪೀಡೆ ಹೋಗ್ಲಿ" ಅಂದರು ಚನ್ನಗಿರಿ, ಹೊನ್ನಾಳಿಯ ನೆಂಟರು. ಆದರೆ ಗುಲ್ಮ ತೆಗೆದ ಹಸುಗೂಸುಗಳಿಗೆ ಭಾರೀ ಸೋಂಕು ತಗಲುತ್ತೆ ಅಂತ ಕಿಂಗ್, ಶೂಮೇಕರ್ 1952ರಲ್ಲೇ ಬರೆದಿದ್ದರು. ಆ ಅಪಾಯ ದೊಡ್ಡವರಿಗೂ ಉಂಟು. ಗುಳ್ಳೆ ಚಿಕ್ಕದು, ನೋವಿಲ್ಲ. ಹಾಗಾಗಿ ಸುಮ್ಮನೆ ಬಿಟ್ಟು, ಆರು ತಿಂಗಳಿಗೊಮ್ಮೆ ನೋಡೋದು ಅಂತ ತೀರ್ಮಾನ ಆಯ್ತು.

ದೊಡ್ಡಮ್ಮ ಈಗಲೂ ಅದನ್ನ ಜ್ವರಗಡ್ಡೆ ಅಂತಲೇ ಕರೀತಾರೆ. ನಾನು ತಿದ್ದೋಕೆ ಹೋಗಿಲ್ಲ. ನಿಮ್ಮ ಕಡೆ ಇದಕ್ಕೆ ಏನಂತಾರೆ?