ಕುರಿಯ ಮದ್ದು

1991ರಲ್ಲಿ ಅಣ್ಣನ ದೊಡ್ಡ ಕರುಳಿನ ಗಡ್ಡೆ ತೆಗೆದ ಮೇಲೆ ವೈದ್ಯರು ಬರೆದುಕೊಟ್ಟ ಚೀಟಿ ನೋಡಿ ನನಗೆ ನಗು ಬಂತು. ಫ್ಲೂರೋಯುರಾಸಿಲ್ ಇಂಜೆಕ್ಷನ್ನಿನ ಕೆಳಗೆ ಲೆವಮಿಸೋಲ್ ಮಾತ್ರೆ! ಚಳ್ಳಕೆರೆ ಕಡೆ ಪಶುವೈದ್ಯನಾಗಿದ್ದಾಗ ಜಂತುಹುಳುವಿಗೆಂದು ಅದನ್ನು ಎಷ್ಟು ಕುರಿಗಳಿಗೆ ಕುಡಿಸಿದ್ದೆನೋ ಲೆಕ್ಕವಿಲ್ಲ. “ಏನೋ, ನನ್ನನ್ನೂ ಹಿಂಡಿಗೆ ಸೇರಿಸಿದೆಯಾ?” ಎಂದ ಅಣ್ಣ. ಕಾಯಿಲೆ ಪಕ್ಕದ ದುಗ್ಧಗ್ರಂಥಿಗಳಿಗೂ ಹರಡಿತ್ತು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಆ ಜೋಡಿಯ ಕಥೆಯನ್ನು ನಾನು ಆಮೇಲೆ ಓದಿ ತಿಳಿದೆ. ಫ್ಲೂರೋಯುರಾಸಿಲ್ 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ತಂದ ಮದ್ದು. ಜೀವಕೋಶ ಡಿಎನ್‌ಎ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಲೆವಮಿಸೋಲ್ ಬೆಲ್ಜಿಯಮ್ಮಿನದು. ಅದು ಸೊರಗಿದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆಂದು 1970ರ ದಶಕದಲ್ಲಿ ಆಸೆ ಹುಟ್ಟಿತು. ಒಂದು ಕೊಲ್ಲಲಿ, ಇನ್ನೊಂದು ಮೈಯ ಕಾವಲುಗಾರರನ್ನು ಎಚ್ಚರಿಸಲಿ ಎಂಬುದು ಲೆಕ್ಕಾಚಾರ. ಮೇಯೊ ಕ್ಲಿನಿಕ್ಕಿನ ಚಾರ್ಲ್ಸ್ ಮೋರ್ಟೆಲ್ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಣ್ಣನಂಥ ರೋಗಿಗಳಲ್ಲಿ ಈ ಜೋಡಿ ಕಾಯಿಲೆ ಮರುಕಳಿಸುವ ಅಪಾಯವನ್ನು ಶೇಕಡ 41ರಷ್ಟು, ಸಾವನ್ನು ಮೂರರಲ್ಲೊಂದು ಪಾಲು ತಗ್ಗಿಸಿತ್ತು. ಲೆವಮಿಸೋಲ್ ಒಂದೇ ಕೊಟ್ಟವರಿಗೆ ಏನೂ ಆಗಲಿಲ್ಲ. ಕುರಿಗೆ ಕೊಡುವಾಗ ಅಗ್ಗವಿದ್ದದ್ದು ಮನುಷ್ಯನಿಗೆ ಸುಮಾರು ನೂರು ಪಟ್ಟು ಬೆಲೆಯಾಯಿತೆಂದು ಮೋರ್ಟೆಲ್ 1992ರಲ್ಲಿ ಬಹಿರಂಗವಾಗಿಯೇ ಸಿಟ್ಟಾದರು. ಆ ಸಿಟ್ಟಿಗಾಗಿಯೇ ಅವರ ಮೇಲೆ ನನಗೆ ಗೌರವ.

ಮುಂದೆ ಕುರಿಯ ಮದ್ದಿನ ಜಾಗಕ್ಕೆ ಲ್ಯೂಕೊವೊರಿನ್ ಬಂತು. ಅದರೊಂದಿಗೆ ಫ್ಲೂರೋಯುರಾಸಿಲ್ ಕೊಟ್ಟರೆ ಲೆವಮಿಸೋಲ್ ಬೇಕಿಲ್ಲವೆಂದು ಗೊತ್ತಾಯಿತು. ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆಂಬ ದೂರೂ ಸೇರಿ ಅಮೆರಿಕದ ಮಾರುಕಟ್ಟೆಯಿಂದ ಅದು ಮಾಯವಾಯಿತು. ಅಣ್ಣನಿಗೆ ಹೇಳಿದೆ. “ಹಾಗಾದರೆ ಒಂದು ವರ್ಷ ಸುಮ್ಮನೆ ನುಂಗಿದೆನೇ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಅವನು 2009ರವರೆಗೆ ಬದುಕಿದ. ಹೋದದ್ದು ಹೃದಯದ ತೊಂದರೆಯಿಂದ.

2025ರಲ್ಲಿ ಹಳೆಯ ಜೋಡಿ ಬೇರೆ ವೇಷದಲ್ಲಿ ಬಂತು. ಗ್ರಂಥಿಗೆ ಹರಡಿದ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ಫ್ಲೂರೋಯುರಾಸಿಲ್ ಇರುವ ಕೀಮೋ ಜೊತೆ ಅಟೆಜೋಲಿಜುಮಾಬ್ ಕೊಟ್ಟು ನೋಡಿದರು. ಇದು ಗಡ್ಡೆ ಕಾವಲುಕೋಶಗಳಿಗೆ ಹಾಕಿದ ಕಡಿವಾಣವನ್ನು ಬಿಡಿಸುತ್ತದೆ. ಮೂರು ವರ್ಷ ಕಾಯಿಲೆ ಮರಳದೆ ಇದ್ದವರು ನೂರಕ್ಕೆ ಸುಮಾರು 86. ಕೀಮೋ ಮಾತ್ರ ಪಡೆದವರಲ್ಲಿ ಸುಮಾರು 76. ಆದರೆ ಈ ಪ್ರಯೋಗ ಎಲ್ಲರ ಮೇಲಲ್ಲ, ಡಿಎನ್‌ಎ ತಪ್ಪುಗಳನ್ನು ತಿದ್ದಲಾರದ ಜಾತಿಯ ಗಡ್ಡೆಯವರ ಮೇಲೆ ಮಾತ್ರ.

ಅಣ್ಣನದು ಆ ಜಾತಿಯದಾಗಿತ್ತೇ? ಕರುಳಿನ ಗಡ್ಡೆಗಳಲ್ಲಿ ಆ ದೋಷದ ಗುರುತು ಸಿಕ್ಕಿದ್ದೇ 1993ರಲ್ಲಿ. ಅಷ್ಟರಲ್ಲಿ ಅಣ್ಣ ಮಾತ್ರೆ ನುಂಗಿ ಮುಗಿಸಿ ಕೆಲಸಕ್ಕೆ ಮರಳಿದ್ದ.